ಮಲ್ಲಯ್ಯನ ಹಾದಿ ಹಿಡಿದ ಪಾದಗಳಿಗೆ

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ, ಮೈಯಲ್ಲಿ ಸಕ್ಕರೆ ಕಾಯಿಲೆ ಇರುವ ನನ್ನ ಹಿರಿಯರಿಗೆ, ಅಣ್ಣಂದಿರಿಗೆ, ಅಕ್ಕಂದಿರಿಗೆ,

ಹೋಳಿ ಹುಣ್ಣಿವೆ ಮುಗಿಯುತ್ತಿದ್ದಂತೆ ನಮ್ಮ ಬಾಗಲಕೋಟೆ ಕಡೆಯ ಊರುಗಳಲ್ಲಿ ಶ್ರೀಶೈಲದ ಮಲ್ಲಯ್ಯನ ಕಂಬಿ ಹೊತ್ತು ಪಾದಯಾತ್ರೆ ಹೊರಡುವ ಗಡಿಬಿಡಿ ಶುರುವಾಗುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಹಾಸಿಗೆ, ಒಂದು ಚೊಂಬು. ಇವನ್ನೆಲ್ಲ ಕಟ್ಟಿಕೊಳ್ಳುವಾಗ ಒಂದು ಹತ್ತು ನಿಮಿಷ ಬಿಡುವು ಮಾಡಿಕೊಂಡು ಈ ಕಾಗದ ಓದಿ. ನಿಮ್ಮ ಭಕ್ತಿಯ ಬಗ್ಗೆ ನನಗೆ ಹೇಳುವುದು ಏನೂ ಇಲ್ಲ. ನಾನು ಹೇಳಬೇಕಾದದ್ದು ನಿಮ್ಮ ಪಾದಗಳ ಬಗ್ಗೆ.

ನಮ್ಮ ಅಪ್ಪ ಹದಿನೇಳು ವರ್ಷ ಈ ಹಾದಿ ನಡೆದವರು. ಹದಿನೇಳನೆಯ ವರ್ಷ ಪಾದಯಾತ್ರೆ ಮುಗಿಸಿ ಬಸ್ಸಿನಲ್ಲಿ ಊರಿಗೆ ಬಂದ ರಾತ್ರಿ ಊಟ ಮಾಡಿ ಮಲಗಿದರು. ಬೆಳಿಗ್ಗೆ ಹಾಸಿಗೆ ತೆಗೆಯಲು ಹೋದರೆ ಕಾಲ ತುದಿಯಲ್ಲಿ ಚಾದರಕ್ಕೆ ಅಂಗೈಯಗಲದ ಹಳದಿ ಕಲೆ, ಅದರ ಜೊತೆಗೊಂದು ಕೆಟ್ಟ ವಾಸನೆ. "ಅಪ್ಪಾ, ಕಾಲಿಗೆ ಏನಾಗೇತಿ?" ಅಂದೆ. "ಏನೂ ಆಗಿಲ್ಲವ್ವಾ, ಬ್ಯಾನಿನೇ ಇಲ್ಲ" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಬಿಸಿಲಿಗೆ ಕೂರಿಸಿ ಪಾದ ತೊಳೆದು ನೋಡಿದೆ. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಸುತ್ತ ಬಾವು. ಒತ್ತಿದರೆ ಕೀವು ಬಂತು. ಅಪ್ಪ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು, ಯಾರದೋ ಕಾಲು ಒತ್ತುತ್ತಿದ್ದೇನೆ ಎಂಬಂತೆ. ದವಾಖಾನೆಯಲ್ಲಿ ಸೀಳಿ ತೆಗೆದಾಗ ಹೊರಬಂದದ್ದು ಬಳ್ಳಾರಿ ಜಾಲಿಯ ಮುಳ್ಳು. ಒಂದೂವರೆ ಇಂಚು. ಯಾವಾಗ ಚುಚ್ಚಿತು ಎಂದು ಡಾಕ್ಟರು ಕೇಳಿದರು. ಅಪ್ಪ ಬೆರಳು ಮಡಚಿ ಎಣಿಸಿ, ಜಾಲಿಗಿಡಗಳ ಸಾಲು ಇದ್ದದ್ದು ರಾಯಚೂರಿನ ಈಚೆ, ಅಲ್ಲಿಯೇ ಇರಬೇಕು ಅಂದರು. ಅಂದರೆ ಅಲ್ಲಿಂದ ಶ್ರೀಶೈಲದವರೆಗೆ, ನಲ್ಲಮಲ ಕಾಡಿನ ಕಲ್ಲುಹಾದಿ, ಭೀಮನಕೊಳ್ಳದ ಇಳಿಜಾರು, ಕೈಲಾಸ ಬಾಗಿಲಿನ ಏರು ಎಲ್ಲವನ್ನೂ ಆ ಮುಳ್ಳಿನ ಮೇಲೆ ಭಾರ ಹಾಕಿಯೇ ನಡೆದಿದ್ದರು.

ಮೊದಲು ಹೆಬ್ಬೆರಳು ಹೋಯಿತು. ಇಪ್ಪತ್ತೆರಡು ದಿನಕ್ಕೆ ಮುಂಗಾಲು ಹೋಯಿತು. ಆರು ತಿಂಗಳು ನಾನೇ ಆ ಗಾಯ ತೊಳೆದು ಕಟ್ಟಿದೆ. ಅಷ್ಟೂ ದಿನ ಅಪ್ಪ ಒಮ್ಮೆಯೂ "ಹಾ" ಅನ್ನಲಿಲ್ಲ. ಕಟ್ಟುವಾಗ ನನಗೆ ಅಳು ತರಿಸುತ್ತಿದ್ದದ್ದು ಗಾಯವಲ್ಲ, ಅವರ ಆ ಸುಮ್ಮನಿರುವಿಕೆ.

ಆಮೇಲೆ ಹಿಂದಿನದೆಲ್ಲ ನೆನಪಾಯಿತು. ಅದಕ್ಕೂ ನಾಲ್ಕೈದು ವರ್ಷ ಮೊದಲು ಅಪ್ಪನಿಗೆ ರಾತ್ರಿಯಾದರೆ ಅಂಗಾಲು ಉರಿ. ಚಾದರ ತಾಗಿದರೂ ತಡೆಯುತ್ತಿರಲಿಲ್ಲ. ಹಾಸಿಗೆ ಬಿಟ್ಟು ಪರಸಿ ಕಲ್ಲಿನ ನೆಲದ ಮೇಲೆ ಪಾದ ಊರಿ ಗೋಡೆಗೆ ಒರಗಿ ಕೂಡುತ್ತಿದ್ದರು. ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ, ಜುಮುಜುಮು. ವರ್ಷೊಪ್ಪತ್ತು ಹೀಗೇ ನಡೆದು, ಬರಬರುತ್ತ ಉರಿ ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. "ಮಲ್ಲಯ್ಯ ಕಣ್ಣು ತೆರೆದ" ಅಂದರು ಅಪ್ಪ. ನಾವೂ ನಂಬಿದೆವು, ಕಾಯಿ ಒಡೆದೆವು. ನಿಜದಲ್ಲಿ ಆದದ್ದು ಬೇರೆ. ಉರಿ ಎಂದರೆ ಪೆಟ್ಟು ತಿಂದ ನರ ಕೂಗುವುದು. ಅಪ್ಪನ ಕಾಲಿನ ನರ ಗುಣವಾಗಿರಲಿಲ್ಲ, ಸತ್ತುಹೋಗಿತ್ತು. ಅದಕ್ಕೇ ಕೂಗು ನಿಂತದ್ದು. ಔಷಧದಿಂದ ಉರಿ ಕಡಿಮೆಯಾಗುವುದು ಬೇರೆ, ಅದೂ ಉಂಟು. ಆದರೆ ನಿಮ್ಮಲ್ಲಿ ಯಾರಿಗಾದರೂ ಉರಿ ತಾನಾಗಿ ಆರಿ, ನೆಲ ಮುಟ್ಟಿದ್ದು ಅರಿವಾಗದಂತಿದ್ದರೆ, ಹತ್ತಿಯ ಮೇಲೆ ನಡೆದಂತೆ ಅನಿಸುತ್ತಿದ್ದರೆ, ಚಪ್ಪಲಿ ಕಳಚಿಬಿದ್ದದ್ದು ಹತ್ತು ಹೆಜ್ಜೆ ಆದಮೇಲೆ ಗೊತ್ತಾಗುತ್ತಿದ್ದರೆ, ದಯವಿಟ್ಟು ಅದನ್ನು ಆರಾಮಾಯಿತು ಎಂದುಕೊಳ್ಳಬೇಡಿ.

ನರ ಸಾಯುವುದು ಏಕೆ ಪಾದದಲ್ಲೇ ಮೊದಲು ಎಂದು ನಾನು ಡಾಕ್ಟರರನ್ನು ಕೇಳಿದ್ದೆ. ಅವರು ಕೊಟ್ಟ ವಿವರಣೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಹೆಬ್ಬೆರಳಿನ ಚರ್ಮದಿಂದ ಸುದ್ದಿ ಹೊತ್ತು ತರುವ ನರದ ಎಳೆ ಬೆನ್ನುಹುರಿಯ ಹತ್ತಿರ ಕೂತ ಒಂದೇ ಒಂದು ಜೀವಕೋಶದ ಬಾಲ. ಕೋಶ ಕಣ್ಣಿಗೆ ಕಾಣದಷ್ಟು ಸಣ್ಣದು, ಬಾಲ ಸುಮಾರು ಒಂದು ಮೀಟರ್ ಉದ್ದ. ಅಷ್ಟುದ್ದಕ್ಕೂ ಆಹಾರ ಸಾಗಬೇಕು, ರಿಪೇರಿ ನಡೆಯಬೇಕು. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ನರಕ್ಕೆ ರಕ್ತ ಕೊಡುವ ಕೂದಲೆಳೆಯಂಥ ನಾಳಗಳೂ ಕೆಡುತ್ತವೆ, ನರದ ಒಳಗಿನ ವ್ಯವಹಾರವೂ ಕೆಡುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ಮೊದಲು ನೀರು ತಪ್ಪುವಂತೆ ಅತಿ ಉದ್ದದ ನರದ ತುದಿ ಮೊದಲು ಒಣಗುತ್ತದೆ. ಹಾಗಾಗಿ ಎರಡೂ ಪಾದಗಳ ಬೆರಳ ತುದಿಯಿಂದ ಶುರುವಾಗಿ, ಕಾಲುಚೀಲ ಏರಿಸಿದಂತೆ ಮೇಲೆ ಮೇಲೆ ಬರುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಗಳಲ್ಲೂ ಜೋಮು ಕಾಣಿಸುತ್ತದೆ. ಬೆವರು ಹೊರಡಿಸುವ ನರಗಳೂ ಸೊರಗುವುದರಿಂದ ಪಾದ ಒಣಗಿ ಹಿಮ್ಮಡಿ ಸೀಳುತ್ತದೆ. ಸೀಳಿದ್ದೂ ತಿಳಿಯುವುದಿಲ್ಲ. ಹೀಗೆ ಹೋದ ಸ್ಪರ್ಶ ಬಹುಮಟ್ಟಿಗೆ ಮರಳಿ ಬರುವುದಿಲ್ಲ. ಸಕ್ಕರೆ ಹತೋಟಿಯಲ್ಲಿಟ್ಟರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು.

ಅಪ್ಪನಿಗೆ ಹನ್ನೊಂದು ವರ್ಷ ಸಕ್ಕರೆಯ ಗುಳಿಗೆ ಬರೆದುಕೊಟ್ಟ ಡಾಕ್ಟರೊಬ್ಬರಿದ್ದರು. ಒಳ್ಳೆಯವರೇ, ಬಡವರಿಂದ ದುಡ್ಡು ಕೇಳುತ್ತಿರಲಿಲ್ಲ. ಆದರೆ ಆ ಹನ್ನೊಂದು ವರ್ಷದಲ್ಲಿ ಒಮ್ಮೆಯಾದರೂ "ಚಪ್ಪಲಿ ಬಿಚ್ಚಿ, ಪಾದ ತೋರಿಸಿ" ಅನ್ನಲಿಲ್ಲ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಹೋಗುತ್ತಿದ್ದ ಅಪ್ಪನೂ ಪಾದ ಮುಂದೆ ಮಾಡಲಿಲ್ಲ. ದೊಡ್ಡವರ ಎದುರು ಕಾಲು ಚಾಚಬಾರದು ಎಂದು ಕಲಿತು ಬೆಳೆದವರು ನಾವು. ಡಾಕ್ಟರ ಎದುರು ಆ ನಾಚಿಕೆ ಬೇಡ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಇಷ್ಟು ಜನರಿರುವ ನಾಡಿನಲ್ಲಿ ಪಾದ ನೋಡುವುದು ನಾಡಿ ನೋಡಿದಷ್ಟೇ ಸಹಜವಾಗಬೇಕಿತ್ತು.

ನೋವು ದೇವರು ಕೊಟ್ಟ ಕಾವಲುಗಾರ ಎಂಬುದನ್ನು ನಮ್ಮ ಪಕ್ಕದ ವೆಲ್ಲೂರಿನಲ್ಲೇ ಒಬ್ಬರು ಜಗತ್ತಿಗೆ ತೋರಿಸಿಕೊಟ್ಟರು. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು. ತಮಿಳುನಾಡಿನ ಕೊಲ್ಲಿಮಲೈ ಬೆಟ್ಟದಲ್ಲಿ 1914ರಲ್ಲಿ ಇಂಗ್ಲಿಷ್ ದಂಪತಿಗೆ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. ಕುಷ್ಠರೋಗದಲ್ಲಿ ಬೆರಳುಗಳು ಕೊಳೆತು ಉದುರುತ್ತವೆ ಎಂದೇ ಆಗ ಎಲ್ಲರ ನಂಬಿಕೆ. ಬ್ರ್ಯಾಂಡ್ ಗಮನಿಸುತ್ತ ಹೋದಂತೆ ಬೇರೆಯದೇ ಸತ್ಯ ಬಯಲಾಯಿತು. ತಮಗೆ ತಿರುಗಿಸಲಾಗದ ತುಕ್ಕು ಹಿಡಿದ ಬೀಗವನ್ನು ಒಬ್ಬ ಸಣಕಲು ಹುಡುಗ ತಿರುಗಿಸಿ ತೆಗೆದ. ಅವನ ಬೆರಳು ನೋಡಿದರೆ ಬೀಗದ ಕೈ ಮೂಳೆಯವರೆಗೆ ಕೊಯ್ದಿತ್ತು. ಹುಡುಗನಿಗೆ ಗೊತ್ತೇ ಇರಲಿಲ್ಲ. ಇನ್ನು ಕೆಲವರು ಬೆಳಿಗ್ಗೆ ಏಳುವಾಗ ಬೆರಳಿನ ತುಂಡು ಕಾಣೆಯಾಗಿರುತ್ತಿತ್ತು. ರಾತ್ರಿ ಕಾವಲು ಕೂತು ನೋಡಿದರೆ ಇಲಿಗಳು ಕಡಿಯುತ್ತಿದ್ದವು. ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಆಮೇಲೆ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರಂತೆ. ರೋಗ ನರವನ್ನು ಕೊಲ್ಲುತ್ತದೆ, ಬೆರಳನ್ನು ತಿನ್ನುವುದು ನೋವಿಲ್ಲದ ದಿನನಿತ್ಯದ ಬದುಕು. ಮುಂದೆ ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಇದೇ ತಿಳಿವನ್ನು ಸಕ್ಕರೆ ಕಾಯಿಲೆಯವರ ಪಾದಗಳಿಗೂ ಅನ್ವಯಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಎಂಸಿಆರ್ ಚಪ್ಪಲಿ ಎಂದು ಕೊಡುವ ಮೆತ್ತನೆಯ ರಬ್ಬರಿನ ಚಪ್ಪಲಿಗೂ ವೆಲ್ಲೂರಿನ ಆ ಕೆಲಸಕ್ಕೂ ನಂಟಿದೆ.

ಬ್ರ್ಯಾಂಡ್ ಗಮನಿಸಿದ ಇನ್ನೊಂದು ಸಂಗತಿ ನಡೆಯುವ ನಿಮಗೆ ಬಹಳ ಮುಖ್ಯ. ನೋವು ತಿಳಿಯುವ ಮನುಷ್ಯ ದೂರ ನಡೆದಾಗ ತನಗರಿವಿಲ್ಲದೆ ನಡಿಗೆ ಬದಲಿಸುತ್ತಾನೆ. ಹಿಮ್ಮಡಿ ನೋಯುತ್ತಿದ್ದರೆ ಭಾರ ಮುಂದಕ್ಕೆ, ಮುಂಗಾಲು ನೋಯುತ್ತಿದ್ದರೆ ಅಂಚಿಗೆ. ಸ್ವಲ್ಪ ಕುಂಟುತ್ತಾನೆ, ಆ ಕುಂಟುವಿಕೆಯೇ ಅವನನ್ನು ಕಾಪಾಡುತ್ತದೆ. ಸ್ಪರ್ಶ ಸತ್ತ ಪಾದ ಕುಂಟುವುದಿಲ್ಲ. ಮೊದಲ ಹೆಜ್ಜೆ ಬಿದ್ದ ಜಾಗದಲ್ಲೇ ಕೊನೆಯ ಹೆಜ್ಜೆಯೂ ಬೀಳುತ್ತದೆ. ಈಗ ಲೆಕ್ಕ ಹಾಕಿ. ಒಂದು ಕಿಲೋಮೀಟರಿಗೆ ಸುಮಾರು 1,300 ಹೆಜ್ಜೆ. ಹಾದಿ 350 ಕಿಲೋಮೀಟರ್ ಎಂದರೆ ನಾಲ್ಕೂವರೆ ಲಕ್ಷ ಹೆಜ್ಜೆ. ಒಂದೊಂದು ಪಾದವೂ ಎರಡು ಲಕ್ಷಕ್ಕೂ ಹೆಚ್ಚು ಸಲ ನೆಲಕ್ಕೆ ಬೀಳಬೇಕು, ಅದೇ ಆಣಿಯ ಮೇಲೆ, ಅದೇ ಗುಳ್ಳೆಯ ಮೇಲೆ. ಮೇಲೆ ಬೇಸಿಗೆಯ ಬಿಸಿಲು. ನೆರಳಿನಲ್ಲಿ 40 ಡಿಗ್ರಿ ಇದ್ದರೆ ಡಾಂಬರು 60 ಡಿಗ್ರಿ ಮುಟ್ಟಬಹುದು. ನೋವು ತಿಳಿಯುವವನು ಎರಡು ಹೆಜ್ಜೆಗೆ ಹಾರಿ ಮಣ್ಣಿಗಿಳಿಯುತ್ತಾನೆ. ತಿಳಿಯದವನು ಸುಟ್ಟ ಚರ್ಮದ ಮೇಲೆಯೇ ಊರು ದಾಟುತ್ತಾನೆ. ಹಿಂದೆ ಬರುವವರು "ಎಂಥಾ ನಿಷ್ಠೆ" ಎಂದು ಕೈ ಮುಗಿಯುತ್ತಾರೆ. ನಮ್ಮಪ್ಪನಿಗೂ ಮುಗಿದಿದ್ದರು.

ಹರಕೆಯ ಮಾತಿಗೆ ಬರುತ್ತೇನೆ. ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತವರು ನಿಮ್ಮಲ್ಲಿ ಇದ್ದೀರಿ. ಬರಿಗಾಲಿನಲ್ಲಿ ನಡೆಯುವುದು ತಪಸ್ಸಾಗುವುದು ನೋವನ್ನು ಅನುಭವಿಸಿ ತಾಳಿಕೊಂಡಾಗ. ನೋವೇ ತಿಳಿಯದ ಪಾದಕ್ಕೆ ಅದು ತಪಸ್ಸಲ್ಲ, ಬರೀ ಗಾಯ. ನಾನು ಇದನ್ನು ನಮ್ಮ ಊರಿನ ಮಠದ ಹಿರಿಯರ ಎದುರು ಕೂತು ಕೇಳಿದ್ದೇನೆ. "ತಂಗಿ, ಮಲ್ಲಯ್ಯ ನಡಿಗೆ ಕೇಳ್ಯಾನ, ಕಾಲು ಕೇಳಿಲ್ಲ" ಅಂದರು ಅವರು. ಹರಕೆ ಬದಲಿಸಲು ಮನಸ್ಸು ಒಪ್ಪದಿದ್ದರೆ ಹೊರಡುವ ಮೊದಲು ನಿಮ್ಮ ಗುರುಗಳನ್ನೇ ಕೇಳಿ. ಮೆತ್ತನೆಯ ಬೂಟು ಹಾಕಿ ನಡೆದು, ಗುಡಿಯ ಬಾಗಿಲಲ್ಲಿ ಬಿಚ್ಚಿಟ್ಟು ಒಳಗೆ ಹೋದರೆ ಯಾವ ದೇವರೂ ಮುನಿಯುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ನಿಮ್ಮ ಪಾದಕ್ಕೆ ಅರಿವು ಇದೆಯೋ ಇಲ್ಲವೋ ತಿಳಿಯಲು ಇಂದು ರಾತ್ರಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ಬಳಕೆಗೆ ತಂದದ್ದು, ಯಾವ ಉಪಕರಣವೂ ಬೇಡ. ಕಣ್ಣು ಮುಚ್ಚಿ ಮಲಗಿ. ಮನೆಯವರೊಬ್ಬರು ತೋರುಬೆರಳ ತುದಿಯಿಂದ ನಿಮ್ಮ ಕಾಲ್ಬೆರಳ ತುದಿಯನ್ನು ಹಗುರಾಗಿ ಒಂದೆರಡು ಸೆಕೆಂಡು ಮುಟ್ಟಲಿ. ಒತ್ತಬಾರದು, ತಿಕ್ಕಬಾರದು, ಕುಟುಕಬಾರದು. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು. ಮುಟ್ಟಿದ್ದು ತಿಳಿದೊಡನೆ "ಬಲ" ಅಥವಾ "ಎಡ" ಎನ್ನಿ. ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದೆ ಹೋದರೆ ನಿಮ್ಮ ಪಾದದ ಸ್ಪರ್ಶ ಕುಂದಿದೆ. ಆಗ ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆಯಂಥ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್ಕಿಗೆ ಹೋಗಿ ಪಾದ ತೋರಿಸಿ. ಗಾಳದ ದಾರದಂಥ ನೈಲಾನ್ ಎಳೆಯೊಂದಿದೆ, 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಡಾಕ್ಟರು ಅದನ್ನು ಅಂಗಾಲಿಗೆ ಮುಟ್ಟಿಸಿ ನೋಡುತ್ತಾರೆ. ಬಿ12 ಜೀವಸತ್ವದ ಪರೀಕ್ಷೆ ಬೇಕೇ ಎಂದು ಕೇಳಿ. ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ನುಂಗಿದವರಲ್ಲಿ ಬಿ12 ಕಡಿಮೆಯಾಗಬಹುದು, ಮಾಂಸ ಮೊಟ್ಟೆ ತಿನ್ನದ ನಮ್ಮಂಥವರಲ್ಲಿ ಇನ್ನೂ ಹೆಚ್ಚು. ಅದರಿಂದಲೂ ಜೋಮು ಬರುತ್ತದೆ, ಬೇಗ ಗುರುತಿಸಿದರೆ ಅದಕ್ಕೆ ಔಷಧವಿದೆ.

ಸ್ಪರ್ಶ ಪೂರ್ತಿ ಹೋದವರು, ಹಿಂದೆ ಗಾಯವಾಗಿ ಮಾಯ್ದವರು, ಈಗಲೇ ಗಾಯ ಇರುವವರು ಈ ವರ್ಷ ನಡೆಯಬೇಡಿ. ಬಸ್ಸಿನಲ್ಲಿ ಹೋಗಿ ಬನ್ನಿ. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಕಂಬಿ ಹೊರಟ ದಿನ ಹಿಂದೆ ಉಳಿದವರ ಮುಖ ನಾನು ಕಂಡಿದ್ದೇನೆ. ಆದರೂ ಬರೆಯುತ್ತೇನೆ. ಉಳಿದವರು ಡಾಕ್ಟರ ಒಪ್ಪಿಗೆ ಪಡೆದು ಹೊರಡುವುದಾದರೆ, ಹೊಸ ಬೂಟು ಬೇಡ, ತಿಂಗಳು ಹಾಕಿ ಹದವಾದದ್ದೇ ಇರಲಿ. ಬಿಳಿ ಹತ್ತಿಯ ಕಾಲುಚೀಲ ಇರಲಿ, ನೋವು ಹೇಳದ ಸುದ್ದಿಯನ್ನು ಬಿಳಿ ಬಟ್ಟೆಯ ಮೇಲಿನ ಕಲೆ ಹೇಳುತ್ತದೆ. ಹಾಕುವ ಮುನ್ನ ಬೂಟಿನೊಳಗೆ ಕೈ ಆಡಿಸಿ. ಪ್ರತಿ ತಂಗುದಾಣದಲ್ಲೂ ಜೊತೆಯವರಿಂದ ಅಂಗಾಲು, ಬೆರಳ ಸಂದು ನೋಡಿಸಿಕೊಳ್ಳಿ. ಯಾರೂ ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಗುಳ್ಳೆಗೆ ಸೂಜಿ ದಾರ ಪೋಣಿಸಿ ನೀರು ಇಳಿಸುವುದು ನಮ್ಮ ಹಾದಿಯ ಹಳೆಯ ರೂಢಿ. ಸಕ್ಕರೆ ಕಾಯಿಲೆಯವರಿಗೆ ಅದು ಸೋಂಕಿಗೆ ಬಾಗಿಲು ತೆರೆದುಕೊಟ್ಟಂತೆ. ಗಾಯ ಕಂಡ ದಿನವೇ ನಡಿಗೆ ನಿಲ್ಲಬೇಕು. ಇನ್ನೆರಡು ದಿನದ ಹಾದಿ ಅಷ್ಟೇ ಉಳಿದಿದ್ದರೂ ನಿಲ್ಲಬೇಕು. ಗಾಯವೇ ಇಲ್ಲದೆ ಒಂದು ಪಾದ ಕೆಂಪಗೆ ಬಿಸಿಯಾಗಿ ಊದಿಕೊಂಡು, ನೋವು ಇಲ್ಲ ಅಥವಾ ಅಷ್ಟಕ್ಕಷ್ಟೇ ಇದೆ ಎಂದಾದರೆ ಅದು ಇನ್ನೂ ಅಪಾಯ. ಒಳಗೆ ಮೂಳೆಗಳು ಮುರಿಯುತ್ತಿರಬಹುದು. ಫ್ರಾನ್ಸಿನ ವೈದ್ಯ ಶಾರ್ಕೋ 1868ರಷ್ಟು ಹಿಂದೆಯೇ ನರ ಕೆಟ್ಟ ಕೀಲುಗಳಲ್ಲಿ ಇಂಥ ಹಾಳಾಗುವಿಕೆಯನ್ನು ವಿವರಿಸಿದ್ದರು, ಈ ಪಾದಕ್ಕೆ ಇಂದಿಗೂ ಅವರದೇ ಹೆಸರು. ಅಂಥ ಕಾಲನ್ನು ಊರದೆ ಆಸ್ಪತ್ರೆಗೆ ಹೋಗಬೇಕು.

ಹಾದಿಯುದ್ದಕ್ಕೂ ಡೇರೆ ಹಾಕಿ ದಾಸೋಹ ನಡೆಸುವ ತಾಯಂದಿರಿಗೆ, ಯುವಕರಿಗೆ ಎರಡು ಮಾತು. ಯಾತ್ರಿಕರ ಪಾದ ತೊಳೆಯುವ ಪುಣ್ಯದ ಕೆಲಸ ನಿಮ್ಮದು. ನಾಡಿನ ಯಾವ ಆಸ್ಪತ್ರೆಯಲ್ಲೂ ಒಂದೇ ದಿನದಲ್ಲಿ ನೀವು ಕಾಣುವಷ್ಟು ಪಾದಗಳನ್ನು ಯಾರೂ ಕಾಣಲಿಕ್ಕಿಲ್ಲ. ತೊಳೆಯುವಾಗ ಅಂಗಾಲನ್ನು ತಿರುಗಿಸಿ ಒಮ್ಮೆ ನೋಡಿ. ಕಾಲು ಮುಳುಗಿಸಲು ಉಪ್ಪು ಹಾಕಿದ ಬಿಸಿನೀರಿನ ಬೋಗುಣಿ ಇಡುತ್ತೀರಲ್ಲ, ಸಕ್ಕರೆ ಇದೆಯೇ ಎಂದು ಕೇಳಿ, ಇದೆ ಎಂದವರ ಕಾಲನ್ನು ಅದರಲ್ಲಿ ಇಡಿಸಬೇಡಿ. ಉಗುರುಬೆಚ್ಚಗಿನ ನೀರು ಸಾಕು, ಅದನ್ನೂ ನಿಮ್ಮ ಮೊಣಕೈಯಿಂದ ಮುಟ್ಟಿ ನೋಡಿ. "ಬಿಸಿ ಇಲ್ಲ ಬಿಡವ್ವಾ" ಎಂಬ ಅವರ ಮಾತನ್ನು ನಂಬಬೇಡಿ, ಅವರ ಪಾದಕ್ಕೆ ಅದು ತಿಳಿಯದು. ತೊಳೆದ ಮೇಲೆ ಬೆರಳ ಸಂದು ಒರೆಸಿ ಒಣಗಿಸಿ. ಎಣ್ಣೆಯನ್ನು ಹಿಮ್ಮಡಿಗೆ ಹಚ್ಚಿ, ಸಂದಿಗೆ ಬೇಡ.

ಸ್ಪರ್ಶ ಕುಂದಲು ಸಕ್ಕರೆಯೊಂದೇ ಕಾರಣವಲ್ಲ ಎಂಬುದೂ ತಿಳಿದಿರಲಿ. ತೊಳೆಯುವಾಗ ಯಾರದಾದರೂ ಮೈಮೇಲೆ ತಿಳಿಬಿಳಿ ಅಥವಾ ತಾಮ್ರದ ಬಣ್ಣದ, ಮುಟ್ಟಿದರೆ ತಿಳಿಯದ ಮಚ್ಚೆ ಕಂಡರೆ ಅದು ಕುಷ್ಠ ಇರಬಹುದು. ಹೆದರಬೇಕಿಲ್ಲ, ದೂರ ಸರಿಯಬೇಕಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, 6ರಿಂದ 12 ತಿಂಗಳಲ್ಲಿ ಗುಣವಾಗುತ್ತದೆ. ಒಂದೇ ಕಡೆಯ ಮುಖ, ಕೈ, ಕಾಲು ಇದ್ದಕ್ಕಿದ್ದಂತೆ ಜೋಮು ಹಿಡಿದರೆ ಪಾರ್ಶ್ವವಾಯು ಇರಬಹುದು, ಆ ಗಳಿಗೆಯೇ 108ಕ್ಕೆ ಫೋನ್ ಮಾಡಿ. ಬೆನ್ನುನೋವಿನ ಜೊತೆ ತೊಡೆಸಂದು, ಕುಂಡೆಯ ಭಾಗ ಮರಗಟ್ಟಿ ಮೂತ್ರ ಕಟ್ಟಿದರೂ ತಡಮಾಡುವಂತಿಲ್ಲ.

ಅಪ್ಪ ಈಗ ಆ ಹಾದಿ ನಡೆಯುವುದಿಲ್ಲ. ಮುಂಗಾಲಿನ ಜಾಗಕ್ಕೆ ಮೆತ್ತೆ ತುಂಬಿಸಿದ ಬೂಟು ಹಾಕಿಕೊಂಡು ಕೋಲೂರಿ ಓಡಾಡುತ್ತಾರೆ. ಕಂಬಿ ಊರು ಬಿಡುವ ದಿನ ಅಗಸಿಯವರೆಗೆ ಬರುತ್ತಾರೆ, ಅಲ್ಲಿಂದ ಮುಂದೆ ಕಂಬಿ ಕಣ್ಮರೆಯಾಗುವವರೆಗೆ ನಿಂತಿರುತ್ತಾರೆ. ಎರಡು ವರ್ಷದಿಂದ ನಾನು ಮತ್ತು ಇಬ್ಬರು ನರ್ಸ್ ಗೆಳತಿಯರು ರಾಯಚೂರಿನ ಹಾದಿಯಲ್ಲಿ ಒಂದು ಸಣ್ಣ ಡೇರೆ ಹಾಕುತ್ತೇವೆ. ಅಪ್ಪನೂ ಬರುತ್ತಾರೆ. ಯಾರಾದರೂ "ನನಗೇನೂ ಬ್ಯಾನಿ ಇಲ್ಲ" ಎಂದು ಹಾದುಹೋಗಲು ನೋಡಿದರೆ ಅವರು ಮಾತಾಡುವುದಿಲ್ಲ, ಬೂಟು ಬಿಚ್ಚಿ ತಮ್ಮ ಬಲಗಾಲು ತೋರಿಸುತ್ತಾರೆ. ಕಳೆದ ವರ್ಷ ಅದನ್ನು ನೋಡಿ ಹಿಂದಿರುಗಿ ಕೂತವರೊಬ್ಬರ ಹಿಮ್ಮಡಿಯಲ್ಲಿ ನಮಗೆ ಸಿಕ್ಕಿದ್ದು ಒಡೆದ ಬಾಟಲಿಯ ಚೂರು. ಅವರ ಕಾಲು ಉಳಿಯಿತು.

ಈ ಯುಗಾದಿಗೂ ಡೇರೆ ಇರುತ್ತದೆ. ಹೊರಡುವ ಮೊದಲು ಮನೆಯಲ್ಲಿ ಆ ಆರು ಬೆರಳು ಮುಟ್ಟಿಸಿಕೊಳ್ಳಿ. ಹಾದಿಯಲ್ಲಿ ನಮ್ಮ ಡೇರೆಯೇ ಇರಲಿ, ಇನ್ನೊಬ್ಬರದೇ ಇರಲಿ, ದಯವಿಟ್ಟು ಕೂತು ಪಾದ ತೋರಿಸಿ ಮುಂದೆ ಹೋಗಿ.

ನಿಮ್ಮ ಜೊತೆ ಹದಿನೇಳು ವರ್ಷ ನಡೆದವರ ಮಗಳು